ಅಮ್ಮನ ಮಡಿಲಿಗೆ ಹಾಕಿದ್ದು

ಫೆಬ್ರವರಿ 9

ಅಕ್ಕಾ,

ಈ ಪೊಟ್ಟಣದಲ್ಲಿ ಒಂದು ಪುಟ್ಟ ಪ್ಲೇಯರ್ ಇದೆ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್ ಇದೆ. ಆಪರೇಷನ್ನಿನ ದಿನ ಎರಡನ್ನೂ ನಿನ್ನ ಕೈಚೀಲದಲ್ಲೇ ಇಟ್ಟುಕೋ. ಭಾವನ ಕೈಗೆ ಕೊಡಬೇಡ. ಪ್ರಯಾಣಿಕರು ಬಿಟ್ಟುಹೋದ ಮುರುಕು ಕೊಡೆಗಳನ್ನೆಲ್ಲ ಜೋಪಾನವಾಗಿ ನಿನ್ನ ಅಂಗಡಿಗೆ ತಂದು ಸುರಿಯುವ ಬಸ್ ಡ್ರೈವರ್, ತಮ್ಮ ಸಾಮಾನನ್ನು ಮಾತ್ರ ಬಸ್ಸಿನಲ್ಲೇ ಮರೆತು ಬರುತ್ತಾರೆ.

"ಚಾಕು ಇಡೋ ಮುಂಚೆ ಜೋಗುಳ ಹಾಡೋಳು ನಮ್ಮ ಪೀಪಿ" ಎಂದು ಇಷ್ಟು ವರ್ಷ ಅರಿವಳಿಕೆ ಕೊಡುವ ನನ್ನ ಕೆಲಸವನ್ನು ಆಡಿಕೊಂಡೆಯಲ್ಲ, ಈ ಸಲ ನಿಜವಾಗಿ ಅದನ್ನೇ ಮಾಡಿದ್ದೇನೆ. ನಿನ್ನ ಡಾಕ್ಟರ್ ಜೊತೆ ಮಾತಾಡಿದ್ದೇನೆ. ಎದೆಯ ಆ ಭಾಗಕ್ಕೆ ಮರಗಟ್ಟಿಸುವ ಸೂಜಿ ಕೊಡುತ್ತಾರೆ, ಜೊತೆಗೆ ತೂಕಡಿಸುವಷ್ಟು ಔಷಧಿ. ಪೂರ್ತಿ ನಿದ್ದೆ ಇರುವುದಿಲ್ಲ. ಆ ಹೊತ್ತಿನಲ್ಲಿ ನನ್ನ ದನಿ ನಿನ್ನ ಕಿವಿಯಲ್ಲಿರುತ್ತದೆ. ಇದಕ್ಕೆ ಸಮ್ಮೋಹನ ಅನ್ನುತ್ತಾರೆ. ಹೆದರಬೇಡ, ಲೋಲಕ ಆಡಿಸುವ ಜಾದೂಗಾರನಿಗೂ ಇದಕ್ಕೂ ಸಂಬಂಧವಿಲ್ಲ. ಕೊಯ್ಯುವ ಹೊತ್ತಿನಲ್ಲಿ ಮನಸ್ಸನ್ನು ಇನ್ನೊಂದು ಕಡೆ ಕರೆದುಕೊಂಡು ಹೋಗಿ ಕೂರಿಸುವುದು, ಅಷ್ಟೇ.

ಯಾಕೆ ಇಷ್ಟೆಲ್ಲ ಅನ್ನುತ್ತೀಯ. ಸ್ತನ ತೆಗೆದ ಮೇಲೆ ಗಾಯ ಮಾಗುತ್ತದೆ, ಹೊಲಿಗೆ ಬಿಚ್ಚುತ್ತಾರೆ, ಮುಗಿಯಿತು ಅನ್ನುತ್ತಾರೆ. ಆದರೆ ಕೆಲವರಿಗೆ ಎದೆಯಲ್ಲಿ, ಕಂಕುಳಲ್ಲಿ, ತೋಳಿನಲ್ಲಿ ನೋವು ಬೀಡುಬಿಡುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಆ ಹೊತ್ತಿನಲ್ಲಿ ಮೈ ಹೆದರಿದ್ದನ್ನು ಮೈ ಮರೆಯದೆ ಇಟ್ಟುಕೊಳ್ಳುತ್ತದೆ ಎಂದು ನನಗನ್ನಿಸುತ್ತದೆ. ಹೆದರದಂತೆ ನೋಡಿಕೊಂಡರೆ ಆಮೇಲಿನ ನೋವು ಕಡಿಮೆಯಾಗಬಹುದು ಎಂದು ನಾವು ಕೆಲವರು ನಂಬಿ ಕೆಲಸ ಮಾಡುತ್ತಿದ್ದೇವೆ. ಎಲ್ಲರಿಗೂ ಆಗುತ್ತದೆ ಎಂದು ಹೇಳಲಾರೆ. ನಿನಗೆ ಆಗಲಿ ಎಂಬುದಷ್ಟೇ ನನ್ನ ಆಸೆ.

ಎಲ್ಲಿಗೆ ಹೋಗಬೇಕು ಎಂದು ರೋಗಿಯನ್ನೇ ಕೇಳಬೇಕು, ನಮ್ಮ ಕೆಲಸದ ಮೊದಲ ನಿಯಮ ಅದು. ನಿನ್ನನ್ನು ಕೇಳಲಿಲ್ಲ. ಕೇಳುವುದೇನಿದೆ? ನಮ್ಮಿಬ್ಬರಿಗೂ ಇರುವುದು ಅದೊಂದೇ ಜಾಗ. ಅಂಗಡಿಯ ಹಿಂದಿನ ಕೋಣೆ. ಅಮ್ಮ ಸರಿಮಾಡಿದ ಕೊಡೆಗಳನ್ನೆಲ್ಲ ಬಿಚ್ಚಿ ಸೂರಿಗೆ ನೇತುಹಾಕುತ್ತಿದ್ದಳಲ್ಲ, ಅದರ ಕೆಳಗೆ ಬಣ್ಣಬಣ್ಣದ ನೆರಳು. ಅಲ್ಲಿ ಕೂತು ನಾವು ಒಂದು ಸೇಬನ್ನು ಹಂಚಿಕೊಳ್ಳುತ್ತಿದ್ದುದು. ನಾನು ಕತ್ತರಿಸಬೇಕು, ನೀನು ಆರಿಸಬೇಕು. ಅಮ್ಮನ ಕಾನೂನು. ನೀನು ದೊಡ್ಡದನ್ನು ಎತ್ತಿಕೊಂಡುಬಿಡುತ್ತೀಯ ಎಂದು ನಾನು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ಕತ್ತರಿಸುತ್ತಿದ್ದೆ. ಸರ್ಜನ್ ಆಗಬೇಕಿತ್ತು ನಾನು.

ನಾನೇ ಬರಬೇಕಿತ್ತು. ಇಲ್ಲಿ ನನ್ನ ಬದಲಿಗೆ ಯಾರೂ ಸಿಗಲಿಲ್ಲ. ಬಯ್ಯಬೇಡ. ದನಿಯಾದರೂ ಬರುತ್ತಿದೆ.

ನಿನ್ನ
ಪೀಪಿ


ಮಾರ್ಚ್ 2

ಪೀಪಿ,

ಎಲ್ಲ ಚೆನ್ನಾಗಿ ಆಯಿತು. ನಿನ್ನ ಭಾವ ಹೇಳಿರುತ್ತಾರೆ. ಆಪರೇಷನ್ ಕೋಣೆಯ ಹೊರಗೆ ಕೂತು, ಒಳಗೆ ಹೋಗಿ ಬರುವ ನರ್ಸುಗಳನ್ನೆಲ್ಲ "ಇನ್ನೂ ಎಷ್ಟು ಸ್ಟಾಪು?" ಎಂದು ಕೇಳುತ್ತಿದ್ದರಂತೆ.

ನೋವಿಲ್ಲ. ಇದನ್ನು ನಿನ್ನ ಸಮಾಧಾನಕ್ಕೆ ಬರೆಯುತ್ತಿಲ್ಲ, ನಿಜವಾಗಿಯೂ ಇಲ್ಲ. ಪಕ್ಕದ ಹಾಸಿಗೆಯ ಟೀಚರಮ್ಮನಿಗೂ ಇದೇ ಆಪರೇಷನ್. ಪಾಪ, ಕೆಮ್ಮು ಬಂದರೆ ದಿಂಬು ಅಪ್ಪಿಕೊಂಡು ಅಳುತ್ತಿದ್ದಳು. ನಾನು ಎದ್ದು ಅವಳಿಗೆ ನೀರು ಕೊಟ್ಟೆ. ಡಾಕ್ಟರು ಬಂದು ಗಾಯದ ಸುತ್ತ ಒತ್ತಿ ಒತ್ತಿ ನೋಡಿ, "ನಿಮ್ಮ ತಂಗಿಯವರನ್ನ ನಮ್ಮ ಆಸ್ಪತ್ರೆಗೆ ಕಳಿಸ್ಕೊಡಿ" ಅಂದರು. ಮುಟ್ಟಿದ್ದು ಗೊತ್ತಾಗುತ್ತದೆ, ಒತ್ತಿದ್ದು ಗೊತ್ತಾಗುತ್ತದೆ. ನೋವು ಇರಬೇಕಾದ ಜಾಗ ಮಾತ್ರ ಖಾಲಿ. ಪಟ್ಟಿ ಬಿಚ್ಚಿದ ದಿನ ಕನ್ನಡಿಯಲ್ಲಿ ನೋಡಿಕೊಂಡೆ. ಹಳೇ ಕೊಡೆಯ ಬಟ್ಟೆಯ ಕೆಳಗೆ ಕಡ್ಡಿಗಳು ಎದ್ದು ಕಾಣುತ್ತವಲ್ಲ, ಪಕ್ಕೆಲುಬುಗಳು ಹಾಗೆ ಕಾಣುತ್ತಿವೆ.

ಒಂದು ಮಾತು. ಫೋನ್ ಮಾಡಬೇಡ. ಮೊನ್ನೆ ನೀನು ಮಾಡಿದಾಗ "ಅಕ್ಕಾ" ಅಂದೆ, ನಾನು ಇಟ್ಟುಬಿಟ್ಟೆ. ಲೈನ್ ಕಟ್ಟಾದದ್ದಲ್ಲ. ಯಾಕೆ ಅಂತ ಈಗ ಕೇಳಬೇಡ. ಬರೆ. ನಿನ್ನ ಕೋಳಿಕಾಲಿನ ಅಕ್ಷರ ಓದಲು ನನಗೆ ಬೇಕಾದಷ್ಟು ಪುರುಸೊತ್ತಿದೆ.

ಅಕ್ಕ


ಮಾರ್ಚ್ 14

ಅಕ್ಕಾ,

ನಿನ್ನ ಪತ್ರವನ್ನು ನಮ್ಮ ವಿಭಾಗದಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕೊಡೆಯ ಕಡ್ಡಿಯ ಸಾಲನ್ನು ಬಿಟ್ಟು.

ಫೋನ್ ಬೇಡ ಅಂದರೆ ಬೇಡ. ಸಿಟ್ಟಿದ್ದರೆ ಸಿಟ್ಟು ಎಂದೇ ಬರೆ, ಅಕ್ಕ. ಬರಲಿಲ್ಲ ಎಂದು ತಾನೇ? ನೋವಿಲ್ಲ ಎಂದು ನೀನು ಬರೆದ ಮೇಲೆ, ಬಂದಿದ್ದರೂ ಇದಕ್ಕಿಂತ ಹೆಚ್ಚೇನು ಮಾಡುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ತೋಳಿನ ವ್ಯಾಯಾಮ ಮಾತ್ರ ಬಿಡಬೇಡ. ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸುತ್ತಾ ಹೋಗಬೇಕು. ಬಿಟ್ಟರೆ ಭುಜ ಬಿಗಿದುಕೊಳ್ಳುತ್ತದೆ. ಸೂರಿನ ಕೊಕ್ಕೆಗೆ ಕೊಡೆ ನೇತುಹಾಕುವ ಕೈ ಅದು. ನೋವಿಲ್ಲದವಳಿಗೆ ಇದೇನು ಕಷ್ಟ!

ಪೀಪಿ


ಏಪ್ರಿಲ್ 20

ಪೀಪಿ,

ಬರೆಯಬಾರದು ಎಂದುಕೊಂಡಿದ್ದೆ. ಬರೆಯದೆ ಇರಲು ಆಗುತ್ತಿಲ್ಲ. ನಗಬೇಡ, ನಿನ್ನ ವಿಭಾಗದಲ್ಲಿ ಓದಿ ಹೇಳಲೂಬೇಡ.

ಆವತ್ತು ಹೆಡ್‌ಫೋನಿನಲ್ಲಿ ನೀನು ಹೇಳಿದಂತೆಯೇ ಮಾಡಿದೆ. ಉಸಿರು ತಗೋ ಅಂದೆ, ತಗೊಂಡೆ. ಅಂಗಡಿ ದಾಟು, ಪರದೆ ಸರಿಸು ಅಂದೆ, ಸರಿಸಿದೆ. "ಕೊಡೆಗಳೆಲ್ಲ ಅರಳಿವೆ, ನೋಡು" ಅಂದೆ. ನೋಡಿದೆ. ಅರಳಿರಲಿಲ್ಲ. ಎಲ್ಲ ಮಡಚಿಕೊಂಡು ತಲೆಕೆಳಗಾಗಿ ತೂಗುತ್ತಿದ್ದವು. ಕೆಳಗೆ ಮಂಚ. ಮಂಚದ ಮೇಲೆ ಅಮ್ಮ.

"ಅಲ್ಲಿ ನಿನಗೆ ಬೇಕಾದವರು ಒಬ್ಬರು ಕೂತಿದ್ದಾರೆ" ಅಂದೆಯಲ್ಲ, ಕೂತಿರಲಿಲ್ಲ, ಮಲಗಿದ್ದಳು. "ನಿನ್ನ ಕೈಯಲ್ಲಿರೋ ಭಾರಾನ ಅವರ ಮಡಿಲಿಗೆ ಹಾಕು, ಅವರು ಹಿಡ್ಕೋತಾರೆ, ನೀನು ಹಗುರಾಗ್ತೀಯ" ಅಂದೆ. ನಾನು ಹಾಕಲಿಲ್ಲ ಪೀಪಿ. ಅವಳೇ ಎದ್ದು ಕೂತು ಸೆರಗೊಡ್ಡಿದಳು. "ಕೊಡೇ ಇಲ್ಲಿ" ಅಂದಳು. ನೀನು ಕಿವಿಯಲ್ಲಿ ಹಾಕು, ಹಾಕು ಅನ್ನುತ್ತಿದ್ದೆ, ಅವಳು ಕೊಡು, ಕೊಡು ಅನ್ನುತ್ತಿದ್ದಳು. ಕೊಟ್ಟುಬಿಟ್ಟೆ.

ಮನೆಗೆ ಬಂದ ಮೇಲೆ ಗೋಡೆಯ ಮೇಲೆ ಬೆರಳು ನಡೆಸಿದೆ. ಕೈ ಭುಜದ ಮಟ್ಟಕ್ಕೆ ಬಂತು. ಹಿಂದಿನ ಕೋಣೆಯಲ್ಲಿ ಯಾರೋ ನರಳಿದರು. ಪರದೆ ಸರಿಸಿ ನೋಡಿದೆ, ಯಾರೂ ಇಲ್ಲ. ಮತ್ತೆ ಕೈ ಎತ್ತಿದೆ. ಮತ್ತೆ ನರಳಿದ ಸದ್ದು. ಹಲ್ಲಿನ ನಡುವೆ ಏನನ್ನೋ ಕಚ್ಚಿಕೊಂಡು ನರಳುವ ಸದ್ದು. ಗಿರಾಕಿಗಳು ಅಂಗಡಿಯಲ್ಲಿ ನಿಂತಿದ್ದರು, ಮಟಮಟ ಮಧ್ಯಾಹ್ನ. ಅವರಿಗೆ ಕೇಳಿಸಲಿಲ್ಲ. ಕೈ ಇಳಿಸಿದೆ, ಸದ್ದು ನಿಂತಿತು.

ನನ್ನ ನೋವು ಎಲ್ಲಿಗೂ ಹೋಗಿಲ್ಲ. ಅವಳ ಹತ್ತಿರ ಇದೆ. ತನ್ನದನ್ನೇ ಸಾಕಷ್ಟು ಅನುಭವಿಸಿ ಹೋದವಳು.

ನಿನ್ನ ದನಿ ಕೇಳಿದರೆ ಸಾಕು, ಆ ಪರದೆಯ ಮುಂದೆ ನಿಂತಿರುತ್ತೇನೆ. ಫೋನ್ ಇಟ್ಟದ್ದು ಅದಕ್ಕೇ. ಸಿಟ್ಟಿಗಲ್ಲ.

ಅಕ್ಕ


ಏಪ್ರಿಲ್ 29

ಅಕ್ಕಾ,

ಈಗ ಡಾಕ್ಟರ್ ಆಗಿ ಬರೆಯುತ್ತೇನೆ, ಕೋಪ ಮಾಡಿಕೊಳ್ಳಬೇಡ. ಸಮ್ಮೋಹನದಲ್ಲಿ ಮನಸ್ಸು ಚಿತ್ರಗಳನ್ನು ಕಲಸಿಬಿಡುವುದುಂಟು. ಔಷಧಿಯ ಮಂಪರು ಬೇರೆ. ನೀನು ಕಂಡದ್ದು ಕಲಸಿದ ಚಿತ್ರ. ಅಮ್ಮ ನರಳಿದವಳೇ ಅಲ್ಲ. ಕೊನೆಯ ವಾರದವರೆಗೂ ನನ್ನ ಜೊತೆ ಫೋನಿನಲ್ಲಿ ನಗುತ್ತಾ ಮಾತಾಡಿದಳು. ನೆಮ್ಮದಿಯಾಗಿ ಹೋದಳು, ನೀನೂ ಹಾಗೇ ಹೇಳಿದ್ದೆ.

ಇನ್ನೊಂದು ಪ್ಲೇಯರ್ ಕಳಿಸುತ್ತಿದ್ದೇನೆ. ಇದರಲ್ಲಿ ಬೇರೆ ಜಾಗ ಇದೆ. ಸಮುದ್ರದ ದಂಡೆ. ಯಾರೂ ಇಲ್ಲ ಅಲ್ಲಿ. ಮಧ್ಯಾಹ್ನ ಮಲಗಿ ಕೇಳು. ಕೈ ಎತ್ತುವುದನ್ನು ಮಾತ್ರ ನಿಲ್ಲಿಸಬೇಡ.

ಪೀಪಿ


ಜೂನ್ 11

ಡಾಕ್ಟರಮ್ಮನಿಗೆ ಭಾವನ ನಮಸ್ಕಾರ.

ನನಗೆ ಬರೆಯೋದು ಬರಲ್ಲ, ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದಿಕೋ. ನೀನು ಕಳಿಸಿದ ಎರಡನೇ ಮೆಷಿನ್ನನ್ನು ವಾಪಸ್ ಕಳಿಸುತ್ತಿದ್ದೇನೆ. ಅವಳು ಪೊಟ್ಟಣ ಒಡೆಯಲೇ ಇಲ್ಲ. "ಸಮುದ್ರಕ್ಕೆ ನಾನೊಬ್ಬಳೇ ಹೋಗಿ ಕೂತ್ರೆ ಅಮ್ಮನ್ನ ಯಾರು ನೋಡ್ಕೋತಾರೆ?" ಅಂದಳು. ಬಸ್ಸಿನಲ್ಲಿ ಎಂತೆಂಥ ಪ್ರಶ್ನೆ ಕೇಳ್ತಾರೆ, ಇಂಥದ್ದು ಯಾರೂ ಕೇಳಿಲ್ಲ.

ಅವಳ ಎಡಗೈ ಮೈಗೆ ಅಂಟಿಕೊಂಡ ಹಾಗಿದೆ. ಎತ್ತುವುದೇ ಇಲ್ಲ. ನಾನು ಬಯ್ದೆ, ಕೈ ಮುಗಿದೆ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು, "ನೋವೇ ಇಲ್ಲ ಅಂತೀರಿ, ಮತ್ತೆ ಯಾಕ್ರೀ ಎತ್ತಲ್ಲ? ಭುಜ ಹೀಗೇ ಬಿಗಿದರೆ ಆಮೇಲೆ ಆ ಕೈ ಮೇಲಕ್ಕೆ ಹೋಗೋದು ಕಷ್ಟ" ಅಂದರು. ಇವಳು, "ನನಗಿಲ್ಲ ಡಾಕ್ಟ್ರೇ" ಅಂದಳು. ಅವರಿಗೆ ಅರ್ಥ ಆಗಲಿಲ್ಲ. ನನಗೆ ಆಯಿತು.

ಅಂಗಡಿ ಮುಚ್ಚಿದೆ. ಒಂದೇ ಕೈಯಲ್ಲಿ ಕೊಡೆಗೆ ಬಟ್ಟೆ ಎಳೆದು ಹೊಲಿಯೋಕೆ ಆಗಲ್ಲವಲ್ಲ. ನಾನು ತಂದ ಕೊಡೆಗಳು ಮೂಲೆಯಲ್ಲಿ ಬಿದ್ದಿವೆ. ಮಧ್ಯಾಹ್ನವೆಲ್ಲ ಆ ಕೋಣೆಯಲ್ಲಿ ಕೂತಿರುತ್ತಾಳೆ, ಯಾರದೋ ಕಾಲ ಹತ್ತಿರ ಕೂತ ಹಾಗೆ. ನಾನು ಅತ್ತೆಯವರನ್ನ ಕೊನೆಯ ದಿನಗಳಲ್ಲಿ ನೋಡಿದವನು. ನನಗೆ ಸದ್ದು ಕೇಳಿಸಲ್ಲ. ಆದರೆ ಆ ಕೋಣೆಗೆ ಹೋಗೋಕೆ ನನಗೂ ಕಾಲು ಬರಲ್ಲ.

ನೀನು ಓದಿದವಳು, ಏನಾದರೂ ಮಾಡು.

ಭಾವ


ಜೂನ್ 18

ಅಕ್ಕಾ,

ಭಾವ ಬರೆದಿದ್ದಾರೆ. "ಕೊನೆಯ ದಿನಗಳಲ್ಲಿ ನೋಡಿದವನು" ಎಂದು ಬರೆದಿದ್ದಾರೆ. ನಾನು ನೋಡಿಲ್ಲ. ನಾನು ಕೇಳಿದ್ದೇನೆ ಅಷ್ಟೇ, ಫೋನಿನಲ್ಲಿ.

ಅಮ್ಮ ನರಳುತ್ತಿದ್ದಳೇ? ನಿಜ ಹೇಳು.

ಪೀಪಿ


ಜುಲೈ 25

ಪೀಪಿ,

ಒಂದೇ ಸಾಲಿನ ಪ್ರಶ್ನೆಗೆ ಒಂದು ತಿಂಗಳು ತಗೊಂಡೆ. ಹೇಳಬಾರದೆಂದು ಅಮ್ಮನಿಗೆ ಮಾತು ಕೊಟ್ಟಿದ್ದೆ. ಈಗ ಅವಳು ನನ್ನ ಭಾರ ಹೊತ್ತು ಕೂತಿರುವಾಗ ಆ ಮಾತಿಗೆ ಬೆಲೆ ಏನು ಎಂದು ಯೋಚಿಸಿ ಯೋಚಿಸಿ ಬರೆಯುತ್ತಿದ್ದೇನೆ.

ನೀನು ನನ್ನನ್ನು ಕರೆದುಕೊಂಡು ಹೋದೆಯಲ್ಲ, ಈಗ ನಾನು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ. ಕಣ್ಣು ಮುಚ್ಚಬೇಡ, ಮುಚ್ಚಿದರೆ ಓದುವವರು ಯಾರು?

ಉಸಿರು ತಗೋ. ಮೆಲ್ಲಗೆ ಬಿಡು. ಭುಜಗಳು ತಾವಾಗಿ ಇಳಿಯಲಿ.

ಅಂಗಡಿಯ ಬಾಗಿಲು ದಾಟು. ಪರದೆ ಸರಿಸು. ನಿನ್ನ ಕಣ್ಣಿಗೆ ಕೊಡೆಗಳು ಅರಳಿಯೇ ಇವೆ. ಇರಲಿ, ಒಂದು ಕ್ಷಣ ನೋಡು. ಕೆಂಪು ನೆರಳು, ನೀಲಿ ನೆರಳು. ಈಗ ಅವನ್ನು ಒಂದೊಂದಾಗಿ ಮಡಚು. ಅಮ್ಮನಿಗೆ ಉಸಿರಿಗೆ ಗಾಳಿ ಸಾಲುತ್ತಿರಲಿಲ್ಲ. ಅವನ್ನೆಲ್ಲ ಮಡಚಿದ್ದು ನಾನು. ಕೆಲಸದ ಮೇಜನ್ನು ಗೋಡೆಗೆ ತಳ್ಳು. ಆ ಜಾಗದಲ್ಲಿ ಮಂಚ. ಅಂಟಿನ ವಾಸನೆಯ ಮೇಲೆ ಔಷಧಿಯ ವಾಸನೆ.

ಈಗ ಅಮ್ಮನ ಬಾಯಿ ನೋಡು. ಮಡಚಿದ ಕೊಡೆಗೆ ಸುತ್ತುವ ಬಟ್ಟೆಪಟ್ಟಿ ಇರುತ್ತದಲ್ಲ, ಅದನ್ನು ಹಲ್ಲಿನ ನಡುವೆ ಕಚ್ಚಿದ್ದಾಳೆ. ಪಕ್ಕದ ಅಂಗಡಿಯವರಿಗೆ ಕೇಳಿಸಬಾರದು ಎಂದು. ಪಟ್ಟಿಯ ಮೇಲೆ ಹಲ್ಲಿನ ಗುರುತು. ಅದರಾಚೆಯಿಂದ ಆ ಸದ್ದು.

ಫೋನ್ ರಿಂಗಾಗುತ್ತದೆ. ನಾನು "ಪೀಪಿ" ಅನ್ನುತ್ತೇನೆ. ಅಮ್ಮ ಪಟ್ಟಿಯನ್ನು ಬಾಯಿಂದ ತೆಗೆಯುತ್ತಾಳೆ. ತುಟಿ ಒರೆಸಿಕೊಳ್ಳುತ್ತಾಳೆ. ಮೊದಲು ನಗುತ್ತಾಳೆ, ಆಮೇಲೆ ಮಾತು. ನಗು ಮೊದಲು ಬಂದರೆ ದನಿ ಸರಿಯಾಗಿ ಬರುತ್ತದೆ ಎಂದು ಅವಳೇ ಕಂಡುಕೊಂಡದ್ದು. ನಾನು ಅವಳ ಕಿವಿಗೆ ಫೋನ್ ಹಿಡಿಯುತ್ತೇನೆ. "ಚೆನ್ನಾಗಿದ್ದೀನಿ ಕಣೇ. ನನಗೇನಾಗಿದೆ ಧಾಡಿ? ನೀನು ಪರೀಕ್ಷೆ ಮುಗಿಸ್ಕೊಂಡು ನಿಧಾನಕ್ಕೆ ಬಾ." ಫೋನ್ ಇಡುತ್ತೇನೆ. ಅವಳು ಬಾಯಿ ತೆರೆಯುತ್ತಾಳೆ, ನಾನು ಪಟ್ಟಿ ಇಡುತ್ತೇನೆ. "ಅವಳಿಗೆ ಹೇಳ್ಬೇಡ್ವೇ" ಎಂದು ಕಣ್ಣಲ್ಲೇ ಹೇಳುತ್ತಾಳೆ.

ಎಲ್ಲ ಮುಗಿದ ಮೇಲೆ ನೀನು ಬಂದಾಗ ಅವಳ ಮುಖ ತಿಳಿಯಾಗಿತ್ತು. ನೆಮ್ಮದಿಯಾಗಿ ಹೋದಳಲ್ಲವೇ ಅಂದೆ. ನಾನು ಹೂಂ ಅಂದೆ.

ನೀನು ಬೇಕೆಂದು ಹೀಗೆ ಮಾಡಲಿಲ್ಲ, ಪೀಪಿ. ನಿನ್ನ ಕೋಣೆಗೆ ನನ್ನನ್ನು ಕಳಿಸಿದೆ. ನಾನು ನನ್ನ ಕೋಣೆಗೆ ಹೋಗಿ ತಲುಪಿದೆ. ಅವಳ ಕಿವಿಗೆ ಹಿಡಿದ ನಿನ್ನ ದನಿಯನ್ನು ಈ ಸಲ ನನ್ನ ಕಿವಿಗೆ ಹಿಡಿದಿದ್ದರು.

ಈಗ ಮಂಚದ ಹತ್ತಿರ ಹೋಗು. ಅವಳ ಮಡಿಲಿನಲ್ಲಿ ನನ್ನದೊಂದು ಗಂಟಿದೆ. ನಾನು ಕೇಳಿದರೆ ಕೊಡುವುದಿಲ್ಲ, ಎಷ್ಟು ಸಲ ಕೇಳಿದ್ದೇನೆ. ನೀನು ಕೇಳಿ ನೋಡು. ನೀನು ಕೇಳಿದ್ದಕ್ಕೆ ಅವಳು ಯಾವತ್ತೂ ಇಲ್ಲ ಅಂದವಳಲ್ಲ.

ಉಸಿರು ತಗೋ. ಮೆಲ್ಲಗೆ ಬಿಡು. ವಾಪಸ್ ಬರುವ ದಾರಿ ನನಗೆ ಗೊತ್ತಿಲ್ಲ, ನೀನೇ ಹುಡುಕಿಕೋ.

ಅಕ್ಕ


ಆಗಸ್ಟ್ 4

ಅಕ್ಕಾ,

ರೋಗಿಗಳು ಎಚ್ಚರವಾಗುವ ಕೋಣೆಯಲ್ಲಿ, ಬೆಳಿಗ್ಗೆ ಎಲ್ಲ ಹಾಸಿಗೆಗಳೂ ಖಾಲಿಯಾಗಿದ್ದಾಗ, ನಿನ್ನ ಪತ್ರ ಓದಿದೆ. ಗೋಡೆಗೆ ಒರಗಿ, ನಿಂತುಕೊಂಡೇ.

ಹೋದೆ. ಕೊಡೆಗಳನ್ನು ಮಡಚಿದೆ. ಹಳದಿಯದೊಂದು ಮಡಚಲು ಬಿಡಲಿಲ್ಲ, ಅದನ್ನು ಹಾಗೇ ಬಿಟ್ಟೆ.

ಅಮ್ಮ ನನ್ನನ್ನು ನೋಡಿದ್ದೇ ಗಡಿಬಿಡಿಯಲ್ಲಿ ಪಟ್ಟಿಯನ್ನು ಬಾಯಿಂದ ತೆಗೆದಳು. ತುಟಿ ಒರೆಸಿಕೊಂಡಳು. ನಗಲು ಹೊರಟಳು. "ನಗಬೇಡಮ್ಮ" ಅಂದೆ. "ನಾನು ಫೋನಲ್ಲಿಲ್ಲ. ಇಲ್ಲೇ ಬಂದಿದ್ದೀನಿ, ನೋಡು." ಅವಳು ನನ್ನನ್ನೇ ನೋಡಿದಳು. ಆಮೇಲೆ ನನ್ನ ಎದುರಿಗೇ, ಬಾಯಿ ತೆರೆದು, ಪಟ್ಟಿಯಿಲ್ಲದೆ ನರಳಿದಳು. ಕೇಳಿದೆ, ಅಕ್ಕ. ನನ್ನ ಕೆಲಸದಲ್ಲಿ ಎಷ್ಟೋ ಜನರ ನರಳಾಟ ಕೇಳಿದ್ದೇನೆ. ಇದನ್ನು ಕೇಳಿರಲಿಲ್ಲ.

ಗಂಟನ್ನು ಕೇಳಿದೆ. ಕೊಟ್ಟಳು. ಒದ್ದೆ ಕೊಡೆಯ ಬಟ್ಟೆಯಷ್ಟು ಭಾರ.

ಆವತ್ತಿನಿಂದ ನನ್ನ ಎಡಪಕ್ಕೆಯಲ್ಲಿ, ಕಂಕುಳಿನ ಕೆಳಗೆ ಸುಡುವಂಥ ನೋವು. ಕೋಟು ಹಾಕಿಕೊಳ್ಳುವಾಗ ಹಲ್ಲು ಕಚ್ಚುತ್ತೇನೆ. ಜೊತೆಯವರು ಪರೀಕ್ಷೆ ಮಾಡಿ ಏನೂ ಇಲ್ಲ ಅಂದರು. ಇದಕ್ಕೆ ನನ್ನ ಓದಿನಲ್ಲಿ ಒಂದು ಹೆಸರಿದೆ. ಹೆಸರು ಬರೆಯುವುದಿಲ್ಲ, ಮಾತ್ರೆಯನ್ನೂ ನುಂಗುವುದಿಲ್ಲ.

ದನಿ ಕಳಿಸುತ್ತಿಲ್ಲ. ಶನಿವಾರದ ಬಸ್ಸಿಗೆ ನಾನೇ ಬರುತ್ತಿದ್ದೇನೆ. ನನ್ನ ಬದಲಿಗೆ ಇಲ್ಲಿ ಯಾರಿದ್ದಾರೆ ಎಂದು ಈ ಸಲ ಯಾರನ್ನೂ ಕೇಳಲಿಲ್ಲ.

ಪೀಪಿ


ಸೆಪ್ಟೆಂಬರ್ 16

ಪೀಪಿ,

ನೀನು ಹೋದ ಮೇಲೆ ಮನೆ ಬಿಕೋ ಅನ್ನುತ್ತದೆ. ನಿನ್ನ ಚಪ್ಪಲಿ ಇಲ್ಲೇ ಇದೆ, ನಿನ್ನ ಭಾವನ ಚಪ್ಪಲಿ ನಿನ್ನ ಚೀಲದಲ್ಲಿರಬೇಕು, ನೋಡು. ಮರೆಯುವುದನ್ನೂ ಅವರಿಂದ ಕಲಿತೆಯಾ?

ಆ ಕೋಣೆಯಲ್ಲಿ ನೀನು ಮೊದಲ ಸಲ "ಅಕ್ಕಾ" ಅಂದಾಗ ನಾನು ಪರದೆ ಹಿಡಿದುಕೊಂಡೆ. ಆದರೆ ಎಲ್ಲಿಗೂ ಹೋಗಲಿಲ್ಲ. ಇದ್ದ ಜಾಗಕ್ಕೇ ಮತ್ತೆ ಹೇಗೆ ಹೋಗುವುದು? ನೀನು ನನ್ನ ತೋಳು ಹಿಡಿದು ಮೇಲೆತ್ತಿದೆ. ನಾನು ಕಿರುಚಿದೆ. ನೀನೂ ನಿನ್ನ ಪಕ್ಕೆ ಹಿಡಿದುಕೊಂಡು ಕಿರುಚಿದೆ. ನಿನ್ನ ಭಾವ ಅನ್ನದ ಸೌಟು ಹಿಡಿದೇ ಓಡಿ ಬಂದು, "ಇಬ್ಬರಲ್ಲಿ ಆಪರೇಷನ್ ಆಗಿದ್ದು ಯಾರಿಗೆ?" ಅಂದರು. ಎಷ್ಟು ದಿನವಾಗಿತ್ತು ಪೀಪಿ, ನಾನು ಹಾಗೆ ನಕ್ಕು. ನಕ್ಕರೂ ನೋವು.

ನೀನಿರುವಷ್ಟು ದಿನವೂ ಅವಳು ಸದ್ದು ಮಾಡಲಿಲ್ಲ. ಹೋದ ಮೇಲೆ ಶುರುವಾಗಬಹುದು ಎಂದು ಹೆದರಿದ್ದೆ.

ನಿನ್ನೆ ಅಂಗಡಿ ತೆರೆದೆ. ಒಂದು ಕೊಡೆ ಸರಿಮಾಡಿದೆ, ಬಿಚ್ಚಿದೆ, ಅಂಗಡಿಯಲ್ಲೇ ಸೂರಿನ ಕೊಕ್ಕೆಗೆ ಕೈ ಎತ್ತಿದೆ. ಭುಜದಿಂದ ಹೊರಟ ನೋವು ಗಾಯದ ಗುರುತಿನುದ್ದಕ್ಕೂ ಹರಿದುಕೊಂಡು ಹೋಯಿತು. ಕಣ್ಣಲ್ಲಿ ನೀರು ಬಂತು. ಕೈಯನ್ನು ಹಾಗೇ ಮೇಲೆ ಹಿಡಿದು ಹಿಂದಕ್ಕೆ ಕಿವಿಗೊಟ್ಟೆ. ಪರದೆ ಅಲುಗಲಿಲ್ಲ. ಇನ್ನೂ ಸ್ವಲ್ಪ ಎತ್ತಿದೆ. ನೋವು ಹೆಚ್ಚಾಯಿತು. ನನಗೇ ಹೆಚ್ಚಾಯಿತು. ಕೋಣೆಯಲ್ಲಿ ಸದ್ದಿಲ್ಲ. ಪರದೆಯ ಸಂದಿಯಲ್ಲಿ ಇಣುಕಿದೆ, ಮಂಚವಿದ್ದ ಜಾಗದಲ್ಲಿ ಬಿಸಿಲು ಬಿದ್ದಿತ್ತು.

ಕೊಡೆ ನೇತುಹಾಕಿ, ಅದರ ಕೆಳಗೆ ಕೂತು ಅತ್ತೆ. ಇನ್ನು ಅವಳು ಅಲ್ಲಿರುವುದಿಲ್ಲ. ಅದನ್ನು ಯೋಚಿಸಿರಲೇ ಇಲ್ಲ ನಾನು.

ನಿನ್ನ ಪಕ್ಕೆ ಹೇಗಿದೆ, ಬರೆದಿಲ್ಲ ನೀನು. ಸೇಬಿನ ಹಾಗೆ ನೋವನ್ನೂ ಕತ್ತರಿಸಿದವಳು ನೀನು, ಆರಿಸಿದವಳು ನಾನು. ಸಣ್ಣ ಹೋಳು ನನಗೆ ಬಂದಿದ್ದರೆ ಈಗಲೇ ಹೇಳು, ಮೋಸ ಮಾಡಬೇಡ.

ಬರೆಯಬೇಡ. ಫೋನ್ ಮಾಡು. ಎತ್ತುತ್ತೇನೆ.

ಅಕ್ಕ